ಎರಡು ಅಂಕದ ಮರ್ಯಾದೆ

ನನ್ನಿಂದಾಗಿ ಒಬ್ಬರು ಫೇಲಾದರು. ಮಾಸ್ತರನಾದ ನನಗೆ ಫೇಲು ಮಾಡುವುದೇನೂ ಹೊಸದಲ್ಲ. ಆದರೆ ಈ ಸಲ ಫೇಲಾದವರು ನನಗಿಂತ ಹದಿನೈದು ವರ್ಷ ದೊಡ್ಡವರು!

ಶರಣಪ್ಪನವರು ಲಿಂಗಸುಗೂರಿನ ಕಚೇರಿಯೊಂದರಲ್ಲಿ ಗುಮಾಸ್ತರು. ಕಾಗದ, ಮಸಿ, ಬರೆಯುವ ಟಾಕು ಎಲ್ಲ ಅವರ ಉಸ್ತುವಾರಿ. ನಿಜಾಮರ ಕಾಲದಲ್ಲಿ ಉರ್ದು ಕಲಿತು ನೌಕರಿ ಹಿಡಿದವರು. ಈಗ ಕಚೇರಿಗೆ ಇಂಗ್ಲಿಷ್ ಬಂದಿದೆ. ಪರೀಕ್ಷೆ ಪಾಸಾಗದಿದ್ದರೆ ಗುಮಾಸ್ತಗಿರಿ ಹೋಗಿ ಜವಾನರಾಗಬೇಕು. ಈ ವಯಸ್ಸಿನಲ್ಲಿ, ನಿನ್ನೆ ತನಕ ಕೈಕೆಳಗಿದ್ದವರ ಜೊತೆ ಬಾಗಿಲಲ್ಲಿ ನಿಲ್ಲುವುದೆಂದರೆ? ಹಾಗಾಗಿ ಪ್ರತಿ ಭಾನುವಾರ ಬಸ್ಸು ಹತ್ತಿ ಮಸ್ಕಿಗೆ, ನನ್ನ ಮನೆಗೆ ಬರತೊಡಗಿದರು.

ಅವರನ್ನು ಕಾಡಿದ್ದು ಜೋಡಿ ಶಬ್ದಗಳು. ಕ್ವೈಟ್ ಮತ್ತು ಕ್ವಯಟ್, ಏಂಜೆಲ್ ಮತ್ತು ಆಂಗಲ್. “ಅವಳಿ ಮಕ್ಕಳ ಹಂಗ ಅದಾವ್ರಿ ಮಾಸ್ತರ. ಯಾವುದು ಯಾವುದಂತ ಹಡದವರಿಗೇ ಗೊತ್ತು!” ಎನ್ನುತ್ತಿದ್ದರು.

ಸ್ಟೇಷನರಿ ಅಂತೂ ಎರಡಿವೆ. ಒಂದರ ಅರ್ಥ ಕಾಗದ-ಮಸಿ, ಇನ್ನೊಂದರದು ನಿಂತಲ್ಲೇ ನಿಂತದ್ದು. ಒಂದರ ಕೊನೆಯಲ್ಲಿ ‘ಆರ್’ಗೆ ಮೊದಲು ‘ಎ’, ಇನ್ನೊಂದರಲ್ಲಿ ‘ಇ’. ಅಲ್ಲಿ ‘ಎ’ ಇದ್ದರೆ ಕಾಗದ ಎಂದು ಮೇಜು ಕುಟ್ಟಿ ಹೇಳಿಕೊಟ್ಟೆ. (ಗಟ್ಟಿಯಾಗಿ ಹೇಳಿದ್ದು ಸುಳ್ಳಾಗುವುದಿಲ್ಲ ಎಂದು ನಂಬುವ ಜನ ನಾವು, ಮಾಸ್ತರರು.)

ಕಳೆದ ವಾರ ಫಲಿತಾಂಶ ಬಂತು. ಎರಡೇ ಅಂಕ ಕಡಿಮೆ. ಶರಣಪ್ಪನವರು ಪ್ರಶ್ನೆಪತ್ರಿಕೆ ಹಿಡಿದು ಬಂದರು. ನೋಡುತ್ತೇನೆ, ಎರಡು ಅಂಕಕ್ಕೆ ಅದೇ ಸ್ಟೇಷನರಿ ಜೋಡಿ!

“ಇದನ್ನ ಹೇಳಿಕೊಟ್ಟಿದ್ನಲ್ರೀ! ಏನ್ ಬರದ್ರಿ?” ಎಂದೆ.

“ಬಿಟ್ಟು ಬಂದೀನ್ರಿ.”

“ಮರತ್ರೇನು?”

ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. “ಮರತಿಲ್ರಿ. ಕಚೇರಿ ಕಾಗದದ ಬಂಡಲ್ ಮ್ಯಾಲ ‘ಇ’ ಐತ್ರಿ, ದಿನಾ ನೋಡ್ತೀನಿ. ನೀವು ‘ಎ’ ಅಂದಿದ್ರಿ. ಬಂಡಲ್ ಮ್ಯಾಲಿದ್ದಂಗ ಬರದ್ರ ನಿಮ್ಮ ಮಾತು ತಗದು ಹಾಕಿದಂಗ. ನೀವು ಹೇಳಿದಂಗ ಬರದ್ರ ತಪ್ಪು. ಅದಕ್ಕ ಎರಡೂ ಬ್ಯಾಡಂತ ಬಿಟ್ಟೆ.”

ನಿಘಂಟು ತೆಗೆದೆ. ಬಂಡಲ್ಲೇ ಸರಿ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಸಿಟ್ಟೂ ಬಂತು. ಆವತ್ತೇ ಒಂದು ಮಾತು ಅಂದಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಆದರೆ ಸಿಂಧನೂರಿನಲ್ಲಿ ನನಗೆ ಕಲಿಸಿದ ಮಾಸ್ತರರಿಗೆ ನಾನು ಯಾವತ್ತಾದರೂ ‘ಅದು ತಪ್ಪು’ ಅಂದಿದ್ದೆನೆ? ಅವರು ಹೇಳಿದ್ದನ್ನು ಕಣ್ಣುಮುಚ್ಚಿ ನುಂಗಿದ್ದೆ, ಅದನ್ನೇ ಶರಣಪ್ಪನವರಿಗೂ ಬಡಿಸಿದ್ದೆ.

ಇನ್ನಾರು ತಿಂಗಳಿಗೆ ಕೊನೆಯ ಅವಕಾಶವಿದೆ. ಮೊನ್ನೆ ಭಾನುವಾರ ಪಾಠಕ್ಕೆ ಮೊದಲೇ ಹೇಳಿದೆ: “ನಾ ತಪ್ಪಿದ್ರ ಅಲ್ಲೇ ಹಿಡೀಬೇಕು ನೋಡ್ರಿ, ಶರಣಪ್ಪನವರ.”

“ಆಗಲಿ ಬಿಡ್ರಿ ಮಾಸ್ತರ” ಎಂದರು.

ಪರೀಕ್ಷಿಸೋಣವೆಂದು ಹಲಗೆಯ ಮೇಲೆ ಇಂಗ್ಲಿಷಿನಲ್ಲಿ ಅವರ ಹೆಸರನ್ನೇ ತಪ್ಪಾಗಿ ಬರೆದೆ. ಈಚೆಗೆ ಅವರು ದಿನಾ ಇಂಗ್ಲಿಷಿನಲ್ಲೇ ಸಹಿ ಹಾಕುವ ಹೆಸರು! ಅವರು ಹಲಗೆ ನೋಡಿದರು, ನನ್ನ ಮುಖ ನೋಡಿದರು, ತಲೆ ತಗ್ಗಿಸಿ ಹಾಗೆಯೇ ಬರೆದುಕೊಂಡರು.

ಈಗ ನೀವೇ ಹೇಳಿ, ನಾನು ಇವರಿಗೆ ಮೊದಲು ಕಲಿಸಬೇಕಾದದ್ದು ಇಂಗ್ಲಿಷೋ, ಎದುರಾಡುವುದೋ?