ಚಿಗವ್ವ ಬಾಯಿಪಾಠ ಮಾಡಿದ ಕಣ್ಣಿನ ಪರೀಕ್ಷೆ

ನಮ್ಮ ಚಿಗವ್ವ ಕಳೆದ ವಾರ ಕಣ್ಣಿನ ಪರೀಕ್ಷೆಯಲ್ಲಿ ಪೂರ್ತಿ ಪಾಸಾದಳು. ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದೂ ತಪ್ಪಲಿಲ್ಲ. ಗೋಡೆಯ ಮೇಲಿನ ಚಾರ್ಟಿನಲ್ಲಿ ಏನಿದೆ ಎಂಬುದು ಮಾತ್ರ ಅವಳಿಗೆ ಕಾಣುತ್ತಿರಲಿಲ್ಲ.

ನಗು ಬಂತೇ? ಅಲ್ಲಿದ್ದವರಿಗೂ ಬಂತು. ನನಗೆ ಬರಲಿಲ್ಲ. ಅದಕ್ಕೇ ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ.

ಬನಹಟ್ಟಿಯ ಸಮುದಾಯ ಭವನದಲ್ಲಿ ಉಚಿತ ಚಸ್ಮಾ ಕ್ಯಾಂಪ್ ಇತ್ತು. ನ್ಯೂಜಿಲೆಂಡಿನಿಂದ ಹೆಲೆನ್ ಎಂಬ ಮಹಿಳೆ ಬಂದಿದ್ದರು. ತಮ್ಮ ಊರಿನಲ್ಲಿ ಅವರದು ಕಣ್ಣು ಪರೀಕ್ಷಿಸಿ ಚಸ್ಮಾ ಕೊಡುವ ಕೆಲಸ. ರಜೆ ಕೂಡಿಟ್ಟುಕೊಂಡು, ತಮ್ಮದೇ ಖರ್ಚಿನಲ್ಲಿ ಪರದೇಶಗಳಿಗೆ ಹೋಗಿ, ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತಾರೆ. (ನಮಗೆ ರಜೆ ಸಿಕ್ಕರೆ ಗೋವಾ.) ಲೋಕಾಪುರ, ಮುಧೋಳ ಮುಗಿಸಿ ನಮ್ಮಲ್ಲಿಗೆ ಬಂದಿದ್ದರು. ಅವರ ಇಂಗ್ಲಿಷನ್ನು ನಮ್ಮವರಿಗೆ, ನಮ್ಮವರ ಮಾತನ್ನು ಅವರಿಗೆ ತಿಳಿಸುವ ಕೆಲಸ ನನ್ನದು.

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ, ಗಂಗವ್ವ. ರಬಕವಿಯಲ್ಲಿ ಕೈಮಗ್ಗದ ಮೇಲೆ ಸೀರೆ ನೇಯುತ್ತಾಳೆ. ನೂಲು ಕೊಟ್ಟು ಕೂಲಿಗೆ ನೇಯಿಸುವವರು ಮಾಲಕರು, ಮಗ್ಗ ಇವಳದು. ಈಚೆಗೆ ಇವಳು ನೇಯ್ದ ಸೀರೆಗಳು ವಾಪಸು ಬರತೊಡಗಿದ್ದವು. ದಡಿಯ, ಅಂದರೆ ಸೀರೆಯಂಚಿನ, ಹೂವಿನಲ್ಲಿ ಎಳೆ ತಪ್ಪಿರುತ್ತಿತ್ತು. ಮಾಲಕರು ಕೊನೆಗೆ ಹೇಳಿದ್ದರಂತೆ: “ಗಂಗವ್ವ, ಕಣ್ಣ ತೋರಿಸ್ಕೊಂಡ ಬಾ. ಆಮ್ಯಾಲ ಹೊಸಾ ಹಾಸ ಕೊಡತೇನಿ.”

ಹಾಸು ಎಂದರೆ ಮಗ್ಗಕ್ಕೆ ಉದ್ದಕ್ಕೆ ಏರಿಸುವ ನೂಲು. ಅದು ಸಿಗದಿದ್ದರೆ ಮಗ್ಗ ನಿಂತಂತೆ. ಮಾಲಕರು ಹೇಳಿದ್ದು ಕಣ್ಣಿಗೆ ಏನಾದರೂ ಮಾಡಿಸಿಕೊ ಎಂದು. ಚಿಗವ್ವ ತಿಳಿದದ್ದು, ಕಣ್ಣು ಚೆನ್ನಾಗಿದೆ ಎಂದು ತೋರಿಸು, ಇಲ್ಲವಾದರೆ ಕೆಲಸವಿಲ್ಲ ಎಂದು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಕ್ಯಾಂಪಿಗೆ ಬೆಳಿಗ್ಗೆಯೇ ಬಂದು ಮುಂದಿನ ಬೆಂಚಿನ ಮೇಲೆ ಕೂತಳು. ಪಾಳಿ ಬಂದರೂ ಏಳಲಿಲ್ಲ. “ಅವರದ ಮೊದಲ ಆಗಲಿ” ಎಂದು ಹಿಂದಿನವರನ್ನು ಮುಂದೆ ಬಿಡುತ್ತಿದ್ದಳು. ಎಷ್ಟು ದೊಡ್ಡ ಮನಸ್ಸು ಎಂದುಕೊಂಡೆ.

ಅದು ಅಕ್ಷರ ಬಾರದವರಿಗೂ ನಡೆಯುವ ಚಾರ್ಟು. ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳು, ಕೆಳಕೆಳಗೆ ಬಂದಂತೆ ಸಣ್ಣವು. ಹಲ್ಲು ಯಾವ ಕಡೆಗಿದೆಯೋ ಆ ಕಡೆಗೆ ಕೈ ತೋರಿಸಬೇಕು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ.

ಕೊನೆಗೊಮ್ಮೆ ಎದ್ದುಬಂದ ಚಿಗವ್ವ ಸರಸರನೆ ಕೈ ತೋರಿಸುತ್ತ ಹೋದಳು. ನನಗೇ ಸರಿಯಾಗಿ ಕಾಣದ ಕೆಳಗಿನ ಸಾಲಿನಲ್ಲೂ ಅವಳ ಕೈ ತಡೆಯಲಿಲ್ಲ. ಕಣ್ಣು ಕಿರಿದು ಮಾಡಲಿಲ್ಲ.

“ಮುದುಕಿ ಕಣ್ಣ ಹದ್ದಿನ ಕಣ್ಣ ಅದಾವ ನೋಡಪಾ” ಎಂದ, ಪಾಳಿಯಲ್ಲಿ ನಿಂತಿದ್ದ ಒಬ್ಬ.

ಹೆಲೆನ್ ಎದ್ದು ಹೋಗಿ ಚಾರ್ಟನ್ನು ತಿರುಗಿಸಿ ತೂಗುಹಾಕಿದರು. ಹಿಂಬದಿಯಲ್ಲಿ ಅವೇ ಗುರುತುಗಳು, ಕ್ರಮ ಬೇರೆ. ಇನ್ನೊಮ್ಮೆ ತೋರಿಸಲು ಹೇಳಿ, ಎಂದರು. ಹೇಳಿದೆ.

ಚಿಗವ್ವ ಮತ್ತೆ ಅದೇ ಹಳೆಯ ಕ್ರಮದಲ್ಲಿ ಕೈ ತೋರಿಸತೊಡಗಿದಳು. ಎಲ್ಲಕ್ಕಿಂತ ಮೇಲಿನ ದೊಡ್ಡ ಗುರುತೂ ತಪ್ಪಿತು.

“ಯವ್ವಾ, ಆ ಕಡೆ ಅಲ್ಲಬೇ, ಈ ಕಡೆ ಐತಿ” ಎಂದ ಅದೇ ಮನುಷ್ಯ. ಪಾಳಿ ಇಡೀ ನಕ್ಕಿತು.

ಚಿಗವ್ವನ ಕೈ ಗಾಳಿಯಲ್ಲಿ ನಿಂತಿತು. ಆಮೇಲೆ ಸೆರಗಿನೊಳಗೆ ಹೋಯಿತು. ಆಮೇಲೆ ಬಂದು ನನ್ನ ಮುಂಗೈ ಹಿಡಿಯಿತು.

“ಮಾಲಕರಿಗಿ ಹೇಳಬ್ಯಾಡ ನನ್ನವ್ವಾ. ಕಣ್ಣ ಹೋಗ್ಯಾವ ಅಂದ್ರ ಹಾಸ ಕೊಡಂಗಿಲ್ಲ ಅವರು.”

ಬೆಂಚಿನ ಮೇಲೆ ಕೂತು ಅವಳು ಮಾಡಿದ್ದು ಇಷ್ಟು. ಯಾರ ಪಾಳಿಯಲ್ಲಿ ‘ಸರಿ’ ‘ಸರಿ’ ಎಂದು ಕೇಳಿಬರುತ್ತಿತ್ತೋ ಅವರ ಕೈ ಎತ್ತ ಹೋಗುತ್ತದೆಂದು ನೋಡಿ ನೆನಪಿಟ್ಟುಕೊಂಡಳು. ದಡಿಯ ಹೂವಿಗೆ ಯಾವ ಎಳೆ ಮೊದಲು, ಯಾವುದು ಆಮೇಲೆ ಎಂಬುದನ್ನು ಅವಳು ಚಿಕ್ಕಂದಿನಿಂದ ಹೀಗೇ, ಇನ್ನೊಬ್ಬರ ಕೈ ನೋಡಿ ಕಲಿತವಳು.

“ಚಸ್ಮಾ ಮಾಲಕರಿಗೂ ಐತೆಲ್ಲ ಚಿಗವ್ವ” ಎಂದೆ.

“ಅವರ ಹಾಕ್ಕೊಂಡ್ರ ಶ್ಯಾಣ್ಯಾ ಕಾಣತಾರ. ನಾ ಹಾಕ್ಕೊಂಡ್ರ ಕುರುಡಿ ಆಗತೇನಿ.”

ಇದಕ್ಕೆ ನಿಮ್ಮ ಬಳಿ ಉತ್ತರ ಇದೆಯೇ?

ಎಲ್ಲವನ್ನೂ ಹೆಲೆನ್‌ಗೆ ತಿಳಿಸಿದೆ. ಅವರು ನಗಲಿಲ್ಲ, ಬುದ್ಧಿ ಹೇಳಲಿಲ್ಲ. ಬೇರೊಂದು ದೇಶದಲ್ಲಿ ಒಬ್ಬ ಲಾರಿ ಡ್ರೈವರ್ ಕೂಡ ಹೀಗೇ ಮಾಡಿದ್ದನಂತೆ. “ಅದಕ್ಕೇ ನನ್ನ ಚಾರ್ಟಿಗೆ ಎರಡು ಬದಿ” ಎಂದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: ನೇಯುವಾಗ ಬಟ್ಟೆ ಕಣ್ಣಿನಿಂದ ಎಷ್ಟು ದೂರ ಇರುತ್ತದೆ? ಚಿಗವ್ವ ಮಗ್ಗದ ಮುಂದೆ ಕೂತಂತೆ ಬಾಗಿ ಕೈ ಚಾಚಿದಳು. ಹೆಲೆನ್ ಅಷ್ಟೇ ದೂರಕ್ಕೆ ಒಂದೊಂದೇ ಗಾಜು ಹಾಕಿ ನೋಡಿ, ಸರಿಹೊಂದುವ ಚಸ್ಮಾ ಕೊಟ್ಟರು.

ಸಂಜೆ ನಾನೇ ಅವಳನ್ನು ರಬಕವಿಗೆ ಬಿಟ್ಟುಬರಲು ಹೋದೆ. ಮಗ್ಗದ ಮೇಲೆ ಮುಗಿಯುತ್ತ ಬಂದ ಸೀರೆ ಇತ್ತು. ಚಸ್ಮಾ ಹಾಕಿಕೊಂಡು ದಡಿಯ ಮೇಲೆ ಬಾಗಿದಳು. ಉಗುರು ಒಂದು ಹೂವಿನ ಮೇಲೆ ನಿಂತಿತು.

“ಇದನ್ನ ನಾನ ನೇಯ್ದೇನೇನ?”

ಹೊಸ ಕಣ್ಣು ಅವಳಿಗೆ ಮೊದಲು ತೋರಿಸಿದ್ದು ಅವಳದೇ ತಪ್ಪನ್ನು. ಅವಳು ಅಳಲಿಲ್ಲ. ತಪ್ಪಿದಲ್ಲಿಯವರೆಗೆ ಬಿಚ್ಚತೊಡಗಿದಳು. ಬಿಚ್ಚಿ, ಮತ್ತೆ ನೇಯ್ದಳು.

ಸೀರೆ ಮುಗಿದ ಮೇಲೆ ಮಾಲಕರಿಗೆ ಕೊಡಲು ಹೋದಾಗ ನಾನೂ ಜೊತೆಗಿದ್ದೆ. ಮೆಟ್ಟಿಲ ಹತ್ತಿರ ಅವಳ ಕೈ ಚಸ್ಮಾ ತೆಗೆಯಲು ಮೇಲೆ ಹೋಯಿತು. ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಹಾಗೇ ಇಳಿಯಿತು.

ಮಾಲಕರು ತಲೆಯೆತ್ತಿ ನೋಡಿದರು. “ಏನ ಗಂಗವ್ವ, ಕಣ್ಣ ಹೋದುವೇನ?”

“ಹೋಗಿದ್ದುವ್ರಿ” ಎಂದಳು ಚಿಗವ್ವ. “ಈಗ ಬಂದಾವ. ಹಿಂದಿನ ಸೀರ್‍ಯಾಗಿನ ತಪ್ಪ ನಂದ. ಇದನ್ನ ನೋಡ್ರಿ.”

ಅವರು ದಡಿಯನ್ನು ಬೆಳಕಿಗೆ ಹಿಡಿದು, ತುದಿಯಿಂದ ತುದಿಗೆ ನಿಧಾನವಾಗಿ ನೋಡಿದರು.

“ಹಾಸ ಒಳಗ ಐತಿ. ತಗೊಂಡ ಹೋಗ.”

ಹೆಲೆನ್‌ಗೆ ಫೋನಿನಲ್ಲಿ ಹೇಳಿದೆ. ಅವರು ಜಮಖಂಡಿಯ ಕ್ಯಾಂಪಿನಲ್ಲಿದ್ದರು. ಬಹಳ ಸಂತೋಷ ಎಂದರು, ಪಾಳಿ ದೊಡ್ಡದಿದೆ ಎಂದು ಫೋನ್ ಇಟ್ಟರು. ಚಾರ್ಟನ್ನು ತಿರುಗಿಸಿದ್ದಕ್ಕೆ ನಾನು ಅವರಿಗೆ ಋಣಿ. ನಗದೆ ತಿರುಗಿಸಿದ್ದಕ್ಕೆ ಇನ್ನೂ ಹೆಚ್ಚು ಋಣಿ.

ನಿಮ್ಮ ಕೈಕೆಳಗೆ ದುಡಿಯುವ ಒಬ್ಬರಾದರೂ ‘ನನಗೆ ಕಾಣುವುದಿಲ್ಲ’ ಎಂದು ನಿಮಗೆ ಹೆದರದೆ ಹೇಳಬಲ್ಲರೇ?