ಕುಂಕುಮ ಹಚ್ಚಿದ ಕ್ಷೌರದ ಕತ್ತಿ

ಗಂಡಸರಿಗೆ ಅರವತ್ತು ಹತ್ತಿರವಾದಾಗ ಏನಾದರೊಂದು ಹಿಡಿದುಕೊಳ್ಳುತ್ತದೆ. ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ವೇದಾಂತ. ನಮ್ಮ ಯಜಮಾನರಿಗೆ ಕ್ಷೌರದ ಕತ್ತಿಯ ಹುಚ್ಚು ಹಿಡಿಯಿತು.

ಅಲ್ಲಿಯವರೆಗೆ ಇವರೂ ಎಲ್ಲರಂತೆ ಮೂಲೆ ಅಂಗಡಿಯಿಂದ ಪ್ಲಾಸ್ಟಿಕ್ ರೇಜರ್ ತಂದು, ಮೊಂಡಾಗುವವರೆಗೆ ಕೆರೆದು, ಬಿಸಾಡಿ, ಇನ್ನೊಂದು ತರುತ್ತಿದ್ದ ಸಾಮಾನ್ಯ ಮನುಷ್ಯರೇ. ಬ್ಯಾಂಕಿನ ಕೆಲಸದಿಂದ ಸ್ವಯಂನಿವೃತ್ತಿ ತೆಗೆದುಕೊಂಡಿದ್ದೇ ಕೆಟ್ಟದ್ದಾಯಿತು. ದಿನವಿಡೀ ಫೋನು. ಅದರೊಳಗೆ ಯಾರೋ ಮಹಾಶಯರು ಉದ್ದನೆಯ ಮಡಚುವ ಕತ್ತಿಯಿಂದ ನಿಧಾನವಾಗಿ ಮುಖ ಬೋಳಿಸಿಕೊಳ್ಳುವುದನ್ನು ಇವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಒಂದು ಮಧ್ಯಾಹ್ನ ಎನ್.ಆರ್. ಕಾಲೋನಿಯ ನಮ್ಮ ಮನೆ ಬಾಗಿಲಿಗೆ ಪಾರ್ಸೆಲ್ ಬಂತು. ಮರದ ಹಿಡಿಯ ಕತ್ತಿ, ಅದನ್ನು ಉಜ್ಜಲು ತೊಗಲಿನ ಪಟ್ಟಿ, ಸಾಣೆಕಲ್ಲು, ನೊರೆ ಬರಿಸುವ ಬಟ್ಟಲು, ಯಾವುದೋ ಪ್ರಾಣಿಯ ಕೂದಲಿನ ಬ್ರಷ್ಷು. ಯಾವ ಪ್ರಾಣಿ ಎಂದು ಕೇಳಿದೆ. "ಅದೆಲ್ಲ ನಿಂಗ್ಯಾಕೆ" ಎಂದರು. ಈರುಳ್ಳಿ ಕಂಡರೂ ಮೂಗು ಮುರಿಯುವ ಮನೆ ನಮ್ಮದು. ಅಲ್ಲಿ ಆ ಬ್ರಷ್ಷಿಗೆ ಮಾತ್ರ ಯಾವ ಮೈಲಿಗೆಯೂ ಇರಲಿಲ್ಲ.

ಮಾರನೆಯ ದಿನದಿಂದ ಬಚ್ಚಲುಮನೆಯಲ್ಲಿ ಯಾಗ ಶುರುವಾಯಿತು. ತೊಗಲಿನ ಪಟ್ಟಿಯನ್ನು ಕಿಟಕಿಯ ಸರಳಿಗೆ ಕಟ್ಟಿ ಸರ್ ಸರ್ ಎಂದು ಉಜ್ಜುವುದು, ಕನ್ನಡಿಯಲ್ಲಿ ಕತ್ತು ಹೊರಳಿಸಿ ನೋಡುವುದು, ಮತ್ತೆ ಉಜ್ಜುವುದು. ನಾನು ಹೊರಗೆ ಟವೆಲು ಹಿಡಿದು ಕಾಯಬೇಕು. ಬಾಗಿಲು ತಟ್ಟಿದರೆ ಒಳಗಿಂದ ಉಪದೇಶ: "ಅವಸರ ಮಾಡ್ಬೇಡ ಕಣೇ, ಇದೂ ಒಂಥರಾ ಧ್ಯಾನ." ಧ್ಯಾನ ಮುಗಿಸಿ ಬರುವಾಗ ಗಲ್ಲದ ತುಂಬ ನ್ಯೂಸ್‌ಪೇಪರಿನ ಚೂರುಗಳು, ಒಂದೊಂದರ ನಡುವೆಯೂ ಕೆಂಪು ಚುಕ್ಕೆ. ಕೇಳಿದರೆ ಉಕ್ಕು ಇನ್ನೂ ಹದಕ್ಕೆ ಬಂದಿಲ್ಲ ಎನ್ನುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಮನೆಯಲ್ಲಿ ಇನ್ನೊಂದು ಮುಖವೂ ಇತ್ತು, ನಮ್ಮ ಮಾವನದು.

ಮಾವ ಹೈಸ್ಕೂಲು ಮೇಷ್ಟರಾಗಿದ್ದವರು. ಇಸ್ತ್ರಿಯಿಲ್ಲದ ಅಂಗಿ ತೊಟ್ಟು ಗೇಟಿನವರೆಗೂ ಹೋದವರಲ್ಲ, ಪಿತೃಪಕ್ಷ ಬಿಟ್ಟರೆ ಗಡ್ಡ ಬಿಟ್ಟಿದ್ದನ್ನು ನಾನಂತೂ ಕಂಡಿರಲಿಲ್ಲ. ಕೈ ನಡುಗಲು ಶುರುವಾದ ಮೇಲೆ ದಿನಾ ಬೆಳಿಗ್ಗೆ ಇವರೇ ಅವರನ್ನು ವರಾಂಡದ ಕುರ್ಚಿಯಲ್ಲಿ ಕೂರಿಸಿ ಪ್ಲಾಸ್ಟಿಕ್ ರೇಜರಿನಲ್ಲಿ ಶೇವ್ ಮಾಡುತ್ತಿದ್ದರು. ಅಪ್ಪ ಮಗ ಅಷ್ಟು ಹೊತ್ತು ಕ್ರಿಕೆಟ್ಟು, ಮೆಟ್ರೋ, ಹಾಳಾದ ಫುಟ್‌ಪಾತು ಅಂತ ಏನೇನೋ ಮಾತಾಡಿಕೊಳ್ಳುತ್ತಿದ್ದರು. ಕತ್ತಿ ಬಂದ ವಾರವೇ ಇವರು ಮನೆಯಲ್ಲಿದ್ದ ಪ್ಲಾಸ್ಟಿಕ್ ರೇಜರುಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಿದರು. "ಬಳಸಿ ಬಿಸಾಡೋದು ಒಂದು ಸಂಸ್ಕೃತಿನೇನೇ? ಅಪ್ಪಂಗೂ ಇದ್ರಲ್ಲೇ ಮಾಡ್ತೀನಿ. ಕೈ ಸ್ವಲ್ಪ ಪಳಗ್ಲಿ."

ಕೈ ಪಳಗಲಿಲ್ಲ. ತಮ್ಮ ಗಟ್ಟಿ ಗಲ್ಲವನ್ನೇ ಕೊಯ್ದುಕೊಳ್ಳುವವರು ನಡುಗುವ ಗಲ್ಲಕ್ಕೆ ಕತ್ತಿ ಇಟ್ಟಾರೇ? ನಾಳೆ, ನಾಡಿದ್ದು ಎಂದು ದೂಡುತ್ತಾ ಬಂದರು. ಅಷ್ಟರಲ್ಲಿ ಪಿತೃಪಕ್ಷ ಬಂತು. ಪಕ್ಷ ಮುಗಿಯುವವರೆಗೆ ನಮ್ಮಲ್ಲಿ ಗಂಡಸರು ಕ್ಷೌರ ಮಾಡಿಸಿಕೊಳ್ಳುವುದಿಲ್ಲ. ಇವರಿಗೆ ರೋಗಿ ಬಯಸಿದ್ದೂ ಹಾಲು ಅನ್ನ ಎಂಬಂತಾಯಿತು. ಪಕ್ಷ ಮುಗಿದ ಕೂಡಲೇ ಸಲೂನಿನವರನ್ನು ಮನೆಗೇ ಕರೆಸೋಣ ಎಂದು ನಾನು ಹೇಳಿದಾಗ ಮಾವ ಒಪ್ಪಲಿಲ್ಲ. "ಮಗ ಮನೇಲೇ ಇದಾನಲ್ಲಮ್ಮ. ಬೀದಿಯವ್ರು ಏನಂದ್ಕೋತಾರೆ?"

ಪಕ್ಷ ಕಳೆದು ನವರಾತ್ರಿ ಬಂತು. ನಮ್ಮ ಮನೆಯಲ್ಲಿ ಗೊಂಬೆ ಕೂರಿಸುತ್ತೇವೆ. ಸಂಜೆಯಾದರೆ ಬೀದಿಯ ಮಕ್ಕಳೆಲ್ಲ ನೋಡಲು ಬರುತ್ತಾರೆ, ಅವರ ಕೈಗೆ ತಿಂಡಿ ಹಾಕಬೇಕು. ಅದಕ್ಕೆ ಚರ್ಪು ಎನ್ನುತ್ತೇವೆ. ಚರ್ಪು ಕೊಡುವ ಕೆಲಸ ಮಾವನದು. ಗೊಂಬೆಗಳ ಪಕ್ಕ ಕುರ್ಚಿ ಹಾಕಿಕೊಂಡು, ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಒಂದೊಂದು ಮಗುವಿಗೂ ಒಂದು ಮಗ್ಗಿ ಕೇಳಿ, ತಪ್ಪು ಹೇಳಿದವರಿಗೂ ಕೊಡುತ್ತಿದ್ದರು. ವರ್ಷಪೂರ್ತಿ ಅವರು ಕಾಯುತ್ತಿದ್ದುದೇ ಆ ಸಂಜೆಗಳಿಗೆ.

ಈ ಸಲ ಮೊದಲನೆಯ ಸಂಜೆ ಎದುರುಮನೆಯ ಪುಟ್ಟ ಹುಡುಗಿ ಕುರ್ಚಿಯ ಹತ್ತಿರ ಬಂದವಳು, ಮಾವನ ಮುಖ ನೋಡಿ, ಅಮ್ಮನ ಸೀರೆ ಹಿಂದೆ ಅವಿತುಕೊಂಡಳು. ಬಿಳಿ ಗಡ್ಡ ಅಲ್ಲಲ್ಲಿ ಕುರುಚಲಾಗಿ ಎದ್ದು ನಿಂತಿತ್ತು. ಮಾವ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು.

"ಈ ಸಲ ನೀನೇ ಕೊಟ್ಬಿಡಮ್ಮ. ಮಕ್ಳು ಹೆದರ್ಕೋತಾವೆ."

ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಆಮೇಲೆ ಒಂದು ಸಂಜೆಯೂ ಹೊರಗೆ ಬರಲಿಲ್ಲ. ಇವರೋ, ನಡುಮನೆಯಲ್ಲಿ ನಿಂತು ಬಂದ ಗಂಡಸರಿಗೆಲ್ಲ ಉಕ್ಕಿನ ಗುಣ ವಿವರಿಸುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

ಆಯುಧಪೂಜೆಯ ಬೆಳಿಗ್ಗೆ ಸ್ಕೂಟರು, ಮಿಕ್ಸಿ, ಕತ್ತರಿ, ಈಳಿಗೆಮಣೆ ಎಲ್ಲಕ್ಕೂ ಪೂಜೆ. ನಡುವೆ ರೇಷ್ಮೆ ವಸ್ತ್ರದ ಮೇಲೆ ಕತ್ತಿಯನ್ನು ಬಿಚ್ಚಿ ಮಲಗಿಸಿ, ಅಲುಗಿನ ಉದ್ದಕ್ಕೂ ಒದ್ದೆ ಅರಿಶಿನ ಕುಂಕುಮ ಮೆತ್ತಿ, ಮೇಲೊಂದು ಸೇವಂತಿಗೆ ಇಟ್ಟು ಇವರು ಕೈ ಮುಗಿದರು. ನಾನು ಪ್ರತಿ ವರ್ಷವೂ ಈಳಿಗೆಮಣೆಯ ಮರಕ್ಕೆ ಕುಂಕುಮ ಇಡುತ್ತೇನೆಯೇ ಹೊರತು ಅಲುಗಿಗಲ್ಲ. ಅದನ್ನು ಹೇಳಬಹುದಿತ್ತು. ಹೇಳಲಿಲ್ಲ.

"ಇವತ್ತಾದ್ರೂ ಅಪ್ಪಂಗೆ ಶೇವ್ ಮಾಡ್ರೀ. ಇವತ್ತು ಮಕ್ಳು ಜಾಸ್ತಿ ಬರ್ತಾರೆ" ಎಂದೆ.

"ಪೂಜೆಗಿಟ್ಟ ಆಯುಧಾನ ನಾಳೆವರ್ಗೂ ಮುಟ್ಟೋ ಹಾಗಿಲ್ಲ. ಗೊತ್ತಿದ್ದೂ ಕೇಳ್ತೀಯಲ್ಲ."

ಶಾಸ್ತ್ರ ಅವರು ಹೇಳಿದ್ದು ಸರಿಯೇ. ನಾನೂ ಹಿಂದಿನ ದಿನವೇ ತರಕಾರಿ ಹೆಚ್ಚಿಟ್ಟಿದ್ದೆ. ಚಪ್ಪಲಿ ಮೆಟ್ಟಿಕೊಂಡು ಮೂಲೆ ಅಂಗಡಿಗೆ ಹೋಗಿ ಪ್ಲಾಸ್ಟಿಕ್ ರೇಜರುಗಳ ಪ್ಯಾಕೆಟ್ಟು ತಂದು, ಒಂದನ್ನು ಅವರ ಮುಂದೆ ಹಿಡಿದೆ. "ಇದಕ್ಕೆ ಯಾರೂ ಕುಂಕುಮ ಇಟ್ಟಿಲ್ಲ. ತಗೊಳ್ಳಿ."

"ಅದನ್ನ ನಾನು ಮುಟ್ಟಲ್ಲ" ಎಂದು ಫೋನ್ ತೆಗೆದರು.

ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನಮಸ್ಕಾರ ಮಾಡುವಾಗ ಕಾಲು ಮುಟ್ಟಿದ್ದು ಬಿಟ್ಟರೆ ನಾನು ಮಾವನನ್ನು ಮುಟ್ಟಿದವಳಲ್ಲ. ಕಾಫಿ ಲೋಟವನ್ನೂ ಕೈಗೆ ಕೊಡದೆ ಸ್ಟೂಲಿನ ಮೇಲಿಡುವ ಅಭ್ಯಾಸ. ಸೊಸೆ ಮಾವನ ಗಡ್ಡ ಹೆರೆಯುವುದನ್ನು ನಮ್ಮತ್ತೆ ಬದುಕಿದ್ದು ನೋಡಿದ್ದರೆ ನನ್ನನ್ನು ಅವತ್ತೇ ತವರಿಗೆ ಅಟ್ಟುತ್ತಿದ್ದರು. ಮಗ್ಗಿನಲ್ಲಿ ಬಿಸಿನೀರು ತೆಗೆದುಕೊಂಡು ಕೋಣೆಯ ಬಾಗಿಲು ತಳ್ಳಿದೆ.

ಮಾವ ರೇಜರ್ ನೋಡಿದರು, ನನ್ನ ಮುಖ ನೋಡಿದರು. "ಛೆ, ನೀನಾ? ಬೇಡಮ್ಮ."

"ನಾನೇ ಮಾವ. ಸಂಜೆ ಮಕ್ಳು ಬರ್ತಾರೆ. ಗಲ್ಲ ಎತ್ತಿ."

ಮಾವ ಮಂಚದ ಅಂಚಿಗೆ ಸರಿದು ಕೂತರು. ಆಮೇಲೆ ಕಣ್ಣು ಮುಚ್ಚಿ ಗಲ್ಲ ಎತ್ತಿದರು. ಎಡಗೈಯಿಂದ ಅವರ ದವಡೆ ಹಿಡಿದುಕೊಂಡೆ. ಚರ್ಮ ಎಷ್ಟು ತೆಳ್ಳಗಿತ್ತೆಂದರೆ ನನಗೆ ಭಯವಾಯಿತು. ಅರ್ಧ ಮುಗಿದಾಗ ಅವರು ಕಣ್ಣು ತೆರೆಯದೆಯೇ ಹೇಳಿದರು: "ದಿನಾ ಅವನ ಮುಂದೆ ಹೋಗಿ ಕೇಳೋದು ತುಂಬಾ ಕಷ್ಟ ಆಗಿತ್ತಮ್ಮ. ನಾಳೆ ನಾಳೆ ಅಂತಿದ್ದ."

ಆ ಸಂಜೆ ಮಾವ ಇಸ್ತ್ರಿ ಅಂಗಿ ತೊಟ್ಟು ಗೊಂಬೆ ಪಕ್ಕ ಕೂತರು. ಎದುರುಮನೆಯ ಹುಡುಗಿ ಎರಡರ ಮಗ್ಗಿಯನ್ನು ಅರ್ಧಕ್ಕೇ ನಿಲ್ಲಿಸಿ ಎರಡು ಸಲ ಚರ್ಪು ಇಸಿದುಕೊಂಡು ಹೋದಳು. ಅಪ್ಪನ ಗಡ್ಡ ಎಲ್ಲಿ ಹೋಯಿತೆಂದು, ಯಾರು ತೆಗೆದರೆಂದು ಇವರು ಕೇಳಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಪೂಜೆ ಕದಲಿಸಿ ಇವರು ಕತ್ತಿ ಎತ್ತಿಕೊಂಡರು. ಒಣಗಿದ ಕುಂಕುಮ ಒರೆಸಿದರೆ ಕೆಳಗೆ ಅಲುಗಿನುದ್ದಕ್ಕೂ ತುಕ್ಕು. ಒದ್ದೆ ಅರಿಶಿನ ಉಕ್ಕಿನ ಮೇಲೆ ಒಂದಿಡೀ ದಿನ ಕೂತರೆ ಮತ್ತೇನಾಗುತ್ತದೆ?

"ಗೊತ್ತಿತ್ತಾ ನಿಂಗೆ? ಹೇಳ್ಬಾರ್ದಿತ್ತಾ?"

"ಉಕ್ಕಿನ ವಿಷ್ಯ ನಿಮಗೆ ಗೊತ್ತಿಲ್ದೇ ಇರತ್ತಾ?" ಎಂದೆ.

ಸಾಣೆಕಲ್ಲಿಗೆ ಉಜ್ಜಿ ಉಜ್ಜಿ ಸಾಕಾಗಿ, ಕೊನೆಗೆ ಬಚ್ಚಲಿನ ಗೂಡಿನಲ್ಲಿ ನಾನಿಟ್ಟಿದ್ದ ಪ್ಲಾಸ್ಟಿಕ್ ರೇಜರುಗಳಲ್ಲಿ ಒಂದನ್ನು ತೆಗೆದುಕೊಂಡರು. ಧ್ಯಾನ ಐದು ನಿಮಿಷದಲ್ಲಿ ಮುಗಿಯಿತು. ಆಮೇಲೆ ಹೊಸ ರೇಜರ್, ಮಗ್ಗು, ಟವೆಲು ಹಿಡಿದು, ಏನೂ ಆಗಿಯೇ ಇಲ್ಲವೆಂಬಂತೆ ವರಾಂಡಕ್ಕೆ ಹೋದರು. "ಅಪ್ಪ, ಕೂತ್ಕೊಳ್ಳಿ, ಮಾಡ್ಬಿಡ್ತೀನಿ."

ಮಾವ ಕುರ್ಚಿಯಲ್ಲಿ ಕೂತರು. ನಡುಗುವ ಕೈಯನ್ನು ಅಡ್ಡ ಹಿಡಿದರು.

"ಬೇಡ ಕಣೋ. ಇನ್ಮೇಲೆ ಅವಳೇ ಮಾಡ್ಲಿ."

ಸಿಟ್ಟಿನಿಂದ ಹೇಳಿದ್ದಲ್ಲ. ಹಾಲು ತರುವವನಿಗೆ ನಾಳೆ ಅರ್ಧ ಲೀಟರ್ ಸಾಕು ಎನ್ನುವಷ್ಟು ಸಲೀಸಾಗಿ ಹೇಳಿದರು. ಇವರು ನುಣ್ಣಗಿನ ಮುಖ ಹೊತ್ತು, ಮಗ್ಗು ಹಿಡಿದು ಅಲ್ಲೇ ನಿಂತರು. ಅಯ್ಯೋ ಪಾಪ ಅನ್ನಿಸಲಿಲ್ಲ ನನಗೆ. ಹೋಗಿ ಅವರ ಕೈಯಿಂದ ಮಗ್ಗು ಇಸಿದುಕೊಂಡೆ. ಮಾವ ಆಗಲೇ ಕಣ್ಣು ಮುಚ್ಚಿ ಗಲ್ಲ ಎತ್ತಿದ್ದರು.