ಸಂಜೆಗೆ ಮನೆಗೆ ಕಳಿಸಬಹುದು

ನಾನು ಹುಟ್ಟು ಪುಕ್ಕಲಿ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಕಾಲೇಜಿನ ಗೇಟಿನಿಂದ ಮನೆಗೆ ವಾಪಸ್ ಓಡಿದವಳು. ಇಂಥವಳು ದಾವಣಗೆರೆಯ ಪ್ರಯೋಗಾಲಯವೊಂದರಲ್ಲಿ ಹಾವು ಕಚ್ಚಿದವರ ರಕ್ತದ ಮೇಲೆ ಸಂಶೋಧನೆ ಮಾಡುತ್ತೇನೆ ಎಂದರೆ ಜನ ನಗುತ್ತಾರೆ. ಹಾವನ್ನು ನಾನು ನೋಡುವುದಿಲ್ಲ, ರಕ್ತವನ್ನು ಮಾತ್ರ.

ನಾನು ಬರೆದ ಲೇಖನಗಳಲ್ಲಿ ಹೆಚ್ಚಿನವನ್ನು ಯಾರೂ ಮೂಸಿಯೂ ನೋಡಿಲ್ಲ. ಒಂದು ಮಾತ್ರ ಓಡಿತು. ಆಸ್ಪತ್ರೆಗೆ ಬಂದಾಗ ರಕ್ತದಲ್ಲಿ ಒಂದು ಪ್ರೋಟೀನ್ ಸರಿಯಾಗಿದ್ದರೆ, ಹಾವು ಕಚ್ಚಿದವರನ್ನು ಮರುದಿನದವರೆಗೆ ಇಟ್ಟುಕೊಳ್ಳಬೇಕಿಲ್ಲ, ಸಂಜೆಗೆ ಮನೆಗೆ ಕಳಿಸಬಹುದು ಎಂಬ ಲೇಖನ. ಬೇರೆ ಸಂಶೋಧಕರು ತಮ್ಮ ಬರಹದಲ್ಲಿ ಅದನ್ನು ಹೆಸರಿಸಿದಾಗಲೆಲ್ಲ ನನ್ನ ಲೆಕ್ಕಕ್ಕೆ ಒಂದು ಸೈಟೇಷನ್. ನಮ್ಮಲ್ಲಿ ಬಡ್ತಿ, ಮರ್ಯಾದೆ ಎಲ್ಲ ಅದರ ಮೇಲೆಯೇ. ಬೆಳಿಗ್ಗೆ ಹಾಲು ಕಾಯಿಸುವಾಗ ಫೋನಿನಲ್ಲಿ ಆ ಸಂಖ್ಯೆ ನೋಡುವುದು ನನಗೆ ಚಟವಾಗಿತ್ತು. ಏರಿದ ದಿನ ಹಿಗ್ಗಿ ಹೀರೇಕಾಯಿ.

ಲೇಖನದ ಕೊನೆಯಲ್ಲಿ ಇನ್ನೊಂದು ಮಾತೂ ಇತ್ತು. ನಾವು ಪರೀಕ್ಷಿಸಿದ್ದು ಗದ್ದೆ ಕೆಲಸದ ಹರೆಯದವರನ್ನು, ವಯಸ್ಸಾದವರಿಗೆ ಇದು ಹೊಂದುತ್ತದೋ ಇಲ್ಲವೋ ಗೊತ್ತಿಲ್ಲ, ಎಂದು. ಲೇಖನವನ್ನು ಹೆಸರಿಸಿದವರ ಬರಹಗಳನ್ನು ಒಮ್ಮೆ ತೆಗೆದು ನೋಡಿದೆ. ಆ ಮಾತು ಒಂದರಲ್ಲೂ ಇರಲಿಲ್ಲ. ಕಸಿವಿಸಿಯಾಯಿತು. ಅಷ್ಟರಲ್ಲಿ ಹಾಲು ಉಕ್ಕಿತು, ಎದ್ದು ಹೋದೆ.

ಅವ್ವ ಇರುವುದು ಕೊಕ್ಕನೂರಿನಲ್ಲಿ, ತಮ್ಮನ ಮನೆಯಲ್ಲಿ. ಒಂದು ಬೆಳಿಗ್ಗೆ ಹುಲ್ಲಿನ ಬಣವೆಯ ಹತ್ತಿರ ಅವಳ ಕಾಲಿಗೆ ಹಾವು ಕಚ್ಚಿತು. ತಮ್ಮ ಅವಳನ್ನು ಹರಿಹರದ ಆಸ್ಪತ್ರೆಯೊಂದಕ್ಕೆ ಸೇರಿಸಿ ಫೋನ್ ಮಾಡಿದ. ಸಿಕ್ಕ ಬಸ್ಸು ಹತ್ತಿ ಹೊರಟೆ. ಹೋಗಿ ನೋಡಿದರೆ ಅವ್ವ ಮಂಚದ ಮೇಲೆ ಕೂತು ಟೀ ಕುಡಿಯುತ್ತಿದ್ದಳು.

"ಬ್ಲಡ್ ರಿಪೋರ್ಟ್ ನಾರ್ಮಲ್ ಐತೆ ಮೇಡಂ," ಅಂದರು ಅಲ್ಲಿನ ಯುವ ಡಾಕ್ಟರು. "ಸಂಜಿಗೆ ಮನಿಗೆ ಕರ್ಕೊಂಡು ಹೋಗ್ರಿ."

ನಾನು ಅವ್ವನ ಕಚ್ಚಿದ ಕಾಲು ನೋಡಿದೆ. "ಇವತ್ತೊಂದಿನ ಇಲ್ಲೇ ಇರ್ಲಿ ಡಾಕ್ಟ್ರೇ."

"ಯಾಕ ಹೆದರ್ತೀರಿ? ಇದರ ಮ್ಯಾಲೆ ಸ್ಟಡಿ ಆಗೈತೆ, ನಮ್ಮ ದಾವಣಗೆರೆದ್ದೇ." ಫೋನನ್ನು ನನ್ನ ಮುಂದೆ ಹಿಡಿದರು. "ಎಷ್ಟು ಜನ ಸೈಟ್ ಮಾಡ್ಯಾರೆ ನೋಡ್ರಿ!"

ನಾನು ದಿನಾ ಬೆಳಿಗ್ಗೆ ನೋಡುವ ಅದೇ ಸಂಖ್ಯೆ.

"ಅದನ್ನ ಬರ್ದಿದ್ದು ನಾನೇ," ಅಂದೆ.

ಅವರು ಕುರ್ಚಿ ಬಿಟ್ಟು ಎದ್ದರು. "ನೀವೇನ್ರಿ? ಕೂಡ್ರಿ ಮೇಡಂ, ಕೂಡ್ರಿ. ಮತ್ತೆ ನಿಮಗ್ಯಾಕ ಹೆದರಿಕೆ?"

ಅವ್ವ ಆಗಲೇ ಮಂಚದ ಕೆಳಗೆ ಕಾಲಿಳಿಸಿ ಚಪ್ಪಲಿ ಹುಡುಕುತ್ತಿದ್ದಳು. "ನನ್ನ ಮಗಳೇ ಬರ್ದಾಳೆ ಅಂದ್ಮ್ಯಾಲೆ ಮುಗೀತಲ್ಲ. ನಡಿ, ಎಮ್ಮಿ ಹಾಲು ಕರಿಯೋ ಹೊತ್ತಿಗೆ ಮನೀ ಸೇರಾಣ."

ಇಬ್ಬರ ಮುಖದಲ್ಲೂ ಎಂಥ ನಂಬಿಕೆ! ಅದನ್ನು ನೋಡಿ ನನಗೆ ಭಯವಾಯಿತು. ಜನ್ಮದಲ್ಲಿ ಅಷ್ಟು ಹೆದರಿಲ್ಲ. ಡಾಕ್ಟರ ಕೈಯಿಂದ ಫೋನ್ ಕಿತ್ತುಕೊಂಡು ಕೊನೆಯ ಪುಟ ತೆಗೆದು ತೋರಿಸಿದೆ. ಅವರು ಓದಿದರು. ಅವ್ವನ ನರೆಗೂದಲು ನೋಡಿದರು. ಇನ್ನೊಮ್ಮೆ ಓದಿದರು.

"ಮತ್ತೆ ಈಗ ಏನ್ ಮಾಡಾಣ ಮೇಡಂ?"

"ನಂಗೊತ್ತಿಲ್ಲ. ಇಟ್ಕೊಳ್ರಿ. ಸಂಜಿಗೆ ಇನ್ನೊಮ್ಮೆ ರಕ್ತ ನೋಡ್ರಿ."

ಅವ್ವ ಬೈದಳು. ಮಗಳಿಗೆ ಓದಿದ್ದರ ಮೇಲೇ ನಂಬಿಕೆಯಿಲ್ಲ ಎಂದು ಪಕ್ಕದ ಮಂಚದವಳಿಗೂ ಹೇಳಿದಳು. ಸಂಜೆ ಅವಳ ರಕ್ತವನ್ನು ಗಾಜಿನ ಕೊಳವೆಯಲ್ಲಿ ಅಲುಗಿಸದೆ ಇಟ್ಟರು. ವಿಷ ಇಲ್ಲದಿದ್ದರೆ ಅದು ಹೆಪ್ಪುಗಟ್ಟಬೇಕು. ಡಾಕ್ಟರು ಕೊಳವೆ ವಾಲಿಸಿದರು. ರಕ್ತ ನೀರಿನಂತೆ ಹರಿಯಿತು. ನನ್ನ ಲೇಖನದ ಪ್ರಕಾರ ಆ ಹೊತ್ತಿಗೆ ಅವಳು ಕೊಕ್ಕನೂರಿನಲ್ಲಿ ಎಮ್ಮೆಯ ಕೆಳಗೆ ಕೂತಿರಬೇಕಿತ್ತು.

ಕೂಡಲೇ ವಿಷಕ್ಕೆ ಮದ್ದು ಹಾಕಿದರು, ಅವ್ವ ಉಳಿದಳು. ನಾನು ತಿದ್ದುಪಡಿ ಬರೆದು ಪ್ರಕಟಿಸಿದೆ. ಅದನ್ನು ಇಂದಿಗೂ ಯಾರೂ ಹೆಸರಿಸಿಲ್ಲ. ಹರಿಹರದ ಡಾಕ್ಟರೂ ಅವ್ವನ ವಿಷಯ ಬರೆದು, ವಯಸ್ಸಾದವರಲ್ಲಿ ಈ ಲೇಖನ ನಂಬಬೇಡಿ ಎಂದರು. ಹಾಗೆನ್ನಲು ಲೇಖನವನ್ನು ಹೆಸರಿಸಲೇಬೇಕಲ್ಲ, ನನ್ನ ಸಂಖ್ಯೆ ಒಂದು ಏರಿತು. "ಸ್ವೀಟ್ ಯಾವಾಗ ಮೇಡಂ?" ಅಂದರು ವಿಭಾಗದವರು.

ಬೆಳಿಗ್ಗೆ ಈಗಲೂ ಫೋನ್ ನೋಡುತ್ತೇನೆ, ಏರಿರದಿರಲಿ ಎಂದುಕೊಂಡು. ಅಂದು ಏರಿದ ಆ ಒಂದು ಸೈಟೇಷನ್ ನಮ್ಮ ಅವ್ವ. ಮಿಕ್ಕವು ಯಾರ್ಯಾರ ಅವ್ವಂದಿರನ್ನು ಸಂಜೆಗೆ ಮನೆಗೆ ಕಳಿಸಿದವೋ ನನಗೆ ಗೊತ್ತಿಲ್ಲ.